ಎಡಗಡೆಯ ಮುಂದಿನ ಗಾಲಿ

"ಸದ್ದು ಬಂತಂದ್ರ ಗಾಡಿ ನಿಂದ್ರಿಸಿಬಿಡವ್ವ. ಅವ ಮುಂದಕ್ಕ ಹೋಗ್ಲಿ. ಗಾಲಿ ಬಿಚ್ಚಿ ಹುಡುಕಾಕ ಮಾತ್ರ ಹೋಗಬ್ಯಾಡ."

ತಂಬ್ರಹಳ್ಳಿಯ ಮಾಳಮ್ಮ ಹಳೇ ಕಾರು ಮಾರಿ ಕೀಲಿ ಕೊಡುವಾಗ ಇಷ್ಟು ಹೇಳಿದಳು. ಅವಳ ಮಗ ಮೈಲಾರೇಶ್ ಇದೇ ಕಾರನ್ನು ಕುರಿಗಾರ ಜಂಬಯ್ಯನ ಪಾದದ ಮೇಲೆ ಹತ್ತಿಸಿ, ತಿರುಗಿಯೂ ನೋಡದೆ ಹೋಗಿದ್ದನಂತೆ. ಜಂಬಯ್ಯ ಕಾಲೆಳೆಯುತ್ತ ಒಂದಷ್ಟು ದಿನ ಓಡಾಡಿ ಸತ್ತ. ಅವನ ಹೆಂಡತಿ ಅವನು ಕಾಲೆಳೆದ ಹೆಜ್ಜೆಯ ಮಣ್ಣು ಬಾಚಿಕೊಂಡು ಹೋಗಿ ಮಾಟ ಮಾಡಿಸಿದಳಂತೆ. ಅಂದಿನಿಂದ ಮೈಲಾರೇಶ್ ಪಡಸಾಲೆಯ ಮಂಚ ಬಿಟ್ಟೆದ್ದಿಲ್ಲ. ಎಡಗಾಲು ಸದಾ ಕಂಬಳಿಯೊಳಗೆ.

ತಮನ್ನಾ ನಕ್ಕುಬಿಟ್ಟಳು. ಕೊಟ್ಟೂರಿನಲ್ಲಿ ಅಪ್ಪ ದಸ್ತಗಿರಿಯ ಗ್ಯಾರೇಜಿನಲ್ಲೇ ಬೆಳೆದವಳು. "ಅಮ್ಮಾರ, ಮಾಟಕ್ಕ ಬೇರಿಂಗ್ ಹೋಗಂಗಿಲ್ರಿ," ಎಂದಳು. ಹೆಂಗಸರಿಗೆ ಕಾರು ಕಲಿಸುವ ಶಾಲೆಗಾಗಿ ಅವಳಿಗೆ ಈ ಕಾರು ಬೇಕಿತ್ತು. ಹೆಂಗಸಿಗ್ಯಾಕೆ ಸ್ಟೇರಿಂಗು ಎಂದು ಮೂಗು ಮುರಿದವರ ಮುಂದೆ ಸೋಮವಾರ ಶಾಲೆ ಶುರುವಾಗಲೇಬೇಕಿತ್ತು.

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಸದ್ದು ಬಂತು. ಟಕ್. ಸರ್ರ್. ಟಕ್. ಸರ್ರ್. ಎಡಗಡೆ, ಮುಂದಿನ ಗಾಲಿಯ ಹತ್ತಿರ. ಒಂದಿಷ್ಟು ದೂರ ಇತ್ತು, ನಿಂತಿತು, ಮತ್ತೆ ಬಂತು. ಅವಳು ಆಕ್ಸಿಲರೇಟರ್ ಒತ್ತಿದಳು. ಗಾಲಿಯ ಸದ್ದಾದರೆ ಗಾಲಿಯ ಜೊತೆ ಜೋರಾಗಬೇಕು. ಇದು ಆಗಲಿಲ್ಲ. ಕಾರು ಎಷ್ಟು ಓಡಿದರೂ ಅದು ಕುಂಟುವ ಮನುಷ್ಯನ ನಡಿಗೆಯಲ್ಲೇ ಪಕ್ಕಕ್ಕಿತ್ತು. ಮಾಳಮ್ಮನ ಮಾತು ನೆನಪಾಯಿತು. ಆದರೂ ನಿಲ್ಲಿಸಲಿಲ್ಲ.

ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಗಾಲಿ ಹಿಡಿದು ಅಲುಗಾಡಿಸಿದಳು. ಸಡಿಲವಿಲ್ಲ. ಬೇರಿಂಗ್ ನುಣ್ಣಗೆ ತಿರುಗುತ್ತಿತ್ತು. ಬ್ರೇಕಿನಲ್ಲಿ ಕಲ್ಲು ಸಿಕ್ಕಿರಲಿಲ್ಲ. ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿ ಬಂದಳು. ಸದ್ದು ಎಡಕ್ಕೇ ಉಳಿದಿತ್ತು.

"ಬಿಡು ಬೇಟಾ," ಎಂದ ದಸ್ತಗಿರಿ. "ಬ್ಯಾರೆ ಗಾಡಿ ನೋಡೋಣು."

"ನನ್ನ ಗಾಡಿ ಇದು, ಅಬ್ಬಾ. ನಾನ್ಯಾಕ ಬಿಡ್ಲಿ?"

ಮಡ್‌ಗಾರ್ಡಿನ ಒಳಹೊದಿಕೆ ಬಿಚ್ಚಿದಳು. ಒಳಗೆ ಕತ್ತಲು. ನೆಂದ ಕುರಿಯುಣ್ಣೆಯ ವಾಸನೆ, ಅದರಡಿಗೆ ಹಳೇ ರಕ್ತದ ವಾಸನೆ. ಕೈ ಹಾಕಿದಳು. ಕರಿಕಂಬಳಿಯ ಗಂಟೊಂದು ಸಿಕ್ಕಿತು. ಮೊಳೆ ಹೊಡೆದು, ಕರಿದಾರ ಸುತ್ತಿದ್ದರು. ಬೆಚ್ಚಗಿತ್ತು.

"ಮುಟ್ಟಬ್ಯಾಡ," ಎಂದ ಅಪ್ಪ.

ಅವಳು ಎಳೆದಳು. ದಾರ ಹರಿಯಿತು. ಕೆಂಪು ಮಣ್ಣು ಎಡಪಾದದ ಮೇಲೆ ಸುರಿಯಿತು. ಹೊರಗೆ, ರಸ್ತೆಯಲ್ಲಿ, ಟಕ್. ಸರ್ರ್. ಬಾಗಿಲಲ್ಲಿ. ಯಾರೂ ಇಲ್ಲ. ಜಾಕಿನ ಪಕ್ಕ. ಅವಳ ಪಕ್ಕ. ಉಸಿರು ತಾಕಿತು. ನಿಂತಿತು.

ತಮನ್ನಾ ಪಾದ ಕೊಡವಿದಳು. ಗಾಲಿ ಕೂರಿಸಿ ಕಾರು ತೆಗೆದಳು. ಸದ್ದಿಲ್ಲ. ಊರು ದಾಟಿದಳು. ಸದ್ದಿಲ್ಲ. ಗೆದ್ದೆ ಎಂದುಕೊಂಡು ಜೋರಾಗಿ ನಕ್ಕಳು. ಕಾರು ನಿಲ್ಲಿಸಲು ಬಲಗಾಲಿನಿಂದ ಬ್ರೇಕ್ ಒತ್ತಿದಳು. ಎಡಗಾಲಿನಿಂದ ಕ್ಲಚ್ ಒತ್ತಹೋದಳು. ಕಾಲು ಏಳಲಿಲ್ಲ. ಕಾರು ಜಗ್ಗಿ ಬಂದ್ ಆಯಿತು. ಇಳಿದಳು. ಒಂದು ಹೆಜ್ಜೆ ಇಟ್ಟಳು. ಟಕ್. ಇನ್ನೊಂದು. ಸರ್ರ್.

ತಂಬ್ರಹಳ್ಳಿಗೆ ಫೋನ್ ಮಾಡಿದಳು. ಮಾಳಮ್ಮ ಅಳುತ್ತಿದ್ದಳು.

"ನನ್ನ ಮಗ ಎದ್ದಾನವ್ವ. ತನ್ನ ಕಾಲ ಮ್ಯಾಲ ಹೊಲಕ್ಕ ಹೋಗ್ಯಾನ. ಬಿಚ್ಚಬ್ಯಾಡ ಅಂತ ನಾ ಹೇಳಿದ್ನಲ್ಲವ್ವ."

ಹುಡುಕಿಕೊಂಡು ಬಂದ ದಸ್ತಗಿರಿ ಮಗಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಅತ್ತ. ತಮನ್ನಾಳೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕಲಿಸುವವರು ಕೂರುವ ಎಡಸೀಟಿನ ಮುಂದೆ ಇನ್ನೊಂದು ಬ್ರೇಕ್ ಕೂರಿಸಲು ಅಪ್ಪನಿಗೆ ಹೇಳಿದಳು.

ಸೋಮವಾರ ಬೆಳಗ್ಗೆ ಹೂವು ಮಾರುವ ದಾಕ್ಷಾಯಣಮ್ಮ ಸ್ಟೇರಿಂಗ್ ಹಿಡಿದು ಬೆವರುತ್ತ ಕೂತಿದ್ದಳು. ಕಾರು ಇನ್ನೂ ಶುರುವಾಗಿರಲಿಲ್ಲ.

"ತಮನ್ನಾ, ಗಾಲ್ಯಾಗ ಏನೋ ಸದ್ದು ಬರಾಕತ್ತೈತಲ್ಲ?"

ತಮನ್ನಾ ಬಾಗಿಲು ತೆಗೆದು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತಳು. ಬಲಗಾಲನ್ನು ಬ್ರೇಕಿನ ಮೇಲಿಟ್ಟಳು.

"ಅದು ಗಾಡಿದಲ್ರಿ, ನಂದು," ಎಂದಳು. "ಕ್ಲಚ್ ಒತ್ರಿ."