ನಾಲ್ಕು ಬೆರಳಿನ ಕೊಳವೆ

ಮೂಕಾಂಬಿಕಾ ಮೂರನೇ ಸಲ ಅಳತೆಯ ಜಾಡಿಯನ್ನು ಎತ್ತಿ ನೋಡಿದಳು. ಈ ಸಲವೂ ನೀರು ಲೆಕ್ಕಕ್ಕಿಂತ ಕಡಿಮೆಯೇ ಬಂದಿತ್ತು. ಲೆಕ್ಚರರ್ ದತ್ತಮೂರ್ತಿ ಎದುರು ಬಂದು ನಿಂತರು. ತಪ್ಪು ಹುಡುಕಲು ಬಂದರೆಂದುಕೊಂಡಳು.

"ನನ್ನ ಕೈ ಸರಿಯಾಗೇ ಇದೆ ಸಾರ್."

"ಕೈಗೆ ಯಾರು ಎಂತ ಹೇಳಿದ್ರು ಮಾರಾಯ್ರೆ? ಕೊಪ್ಪದ ನೀರೇ ಸೋಮಾರಿ."

ಅವಳಿಗೆ ನಗು ಬರಲಿಲ್ಲ. ಗಂಡ ತೀರಿಕೊಂಡ ಮೇಲಿನ ಎರಡು ವರ್ಷಗಳಲ್ಲಿ ಅಳುವುದಕ್ಕೂ ದಣಿವಾಗುತ್ತಿತ್ತು. ಎಂ.ಎಸ್ಸಿ. ಓದಿದ್ದರಿಂದ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸಂಜೆಯಾದರೆ ಅತ್ತೆ ವನಜಮ್ಮನ ಮನೆ. ನರಸಿಂಹರಾಜಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಈ ಲೆಕ್ಚರರ್, ಹೋದ ವಾರ ಇದೇ ಮೇಜಿನ ಪಕ್ಕ ನಿಂತು, "ನನ್ನನ್ನು ಮದುವೆ ಆಗ್ತೀರಾ?" ಎಂದು ಕೇಳಿದ್ದರು. ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ.

ನೀರು ಹರಿಸಿ ಅಳೆಯುವ ಉದ್ದದ ಗಾಜಿನ ಕೊಳವೆ ಒಡೆದು, ನಾಲ್ಕು ಬೆರಳಿನಷ್ಟು ತುಂಡು ಉಳಿದಿತ್ತು. ನಾಳೆ ಅದರಲ್ಲೇ ಪ್ರಾಕ್ಟಿಕಲ್ ಮಾಡಿಸಬೇಕು.

"ಪುಸ್ತಕದ ಉತ್ತರ ಬರೋ ಹಾಗೆ ರೀಡಿಂಗ್ ಬರೆದುಬಿಡ್ತೀನಿ ಸಾರ್. ಎಲ್ಲರೂ ಮಾಡೋದೇ."

"ಬೇಡ. ಬಂದದ್ದನ್ನೇ ಬರೀರಿ." ಅವರು ಕೊಳವೆಯ ಬಾಯಿಗೆ ಬೆರಳು ತೋರಿದರು. "ನೀರು ಒಳಗೆ ಹೊಕ್ಕ ಕೂಡಲೇ ಹದವಾಗಿ ಹರಿಯೋದಿಲ್ಲ. ಸ್ವಲ್ಪ ದೂರ ತಡವರಿಸ್ತದೆ. ಉದ್ದದ ಕೊಳವೆಯಲ್ಲಿ ಅದು ಗೊತ್ತೇ ಆಗೋದಿಲ್ಲ. ಇದರಲ್ಲಿ ಸುಧಾರಿಸಿಕೊಳ್ಳೋ ಮೊದಲೇ ಹೊರಗೆ ಬೀಳ್ತದೆ. ನೀರಿನ ತಪ್ಪಲ್ಲ, ನಿಮ್ಮದೂ ಅಲ್ಲ."

ಅವರ ಕನ್ನಡಕದ ಮೇಲೆ ಹನಿ ಸಿಡಿದಿತ್ತು. ಒರೆಸದೆ ಅವಳನ್ನೇ ನೋಡುತ್ತಿದ್ದರು. ಅವಳು ತಲೆಯೆತ್ತಿದೊಡನೆ ಸ್ಟಾಪ್‌ವಾಚಿನತ್ತ ಕಣ್ಣು ಹೊರಳಿಸಿದರು.

"ಅದು ನಿಂತಿದೆ ಸಾರ್."

"ಹೌದಾ!" ಅವರ ಕಿವಿ ಕೆಂಪಾಯಿತು.

ಹೇಗಿದ್ದೀಯ ಎಂದವರಿಗೆಲ್ಲ ಅವಳು ಪುಸ್ತಕದ ಉತ್ತರವನ್ನೇ ಕೊಡುತ್ತಿದ್ದಳು: ಚೆನ್ನಾಗಿದ್ದೇನೆ. ಇವರಿಗೆ ಹಾಗೆ ಹೇಳಲು ಮನಸ್ಸಾಗಲಿಲ್ಲ.

"ನೀವು ಹೋದ ವಾರ ಕೇಳಿದಾಗ ನನಗೆ ಸಂತೋಷ ಏನೂ ಆಗ್ಲಿಲ್ಲ ಸಾರ್. ಈಗಲೂ ಇಲ್ಲ. ಆದ್ರೆ ನೀವು ರಜೆ ಹಾಕಿದ ದಿನ ನನಗೆ ಊಟ ಸೇರೋದಿಲ್ಲ. ಇರೋದು ಇಷ್ಟೇ."

"ಇಷ್ಟು ಸಾಕು."

"ಮುಂದೆಯೂ ಇಷ್ಟೇ ಆದ್ರೆ?"

"ಇಷ್ಟೇ ಅಂತ ಹೇಳಿ. ಮುಚ್ಚಿಡಬೇಡಿ."

ಅವಳು ಜಾಡಿಯಲ್ಲಿ ಬಂದಿದ್ದ ಅಳತೆಯನ್ನೇ ಪುಸ್ತಕದಲ್ಲಿ ಬರೆದಳು.

"ಭಾನುವಾರ ಮನೆಗೆ ಬನ್ನಿ. ಅತ್ತೆಗೆ ನಾನೇ ಹೇಳ್ತೀನಿ. ಅವರು ಮಗನನ್ನು ನೆನೆಸಿಕೊಂಡು ಅಳ್ತಾರೆ. ನಾನೂ ಅಳಬಹುದು."

"ಆಗ ನಾನು ಎಂತ ಮಾಡ್ಲಿ?"

"ಎದ್ದು ಹೋಗಬೇಡಿ."