ಪಾಲಿಶ್ ಇಲ್ಲದ ಮರ

"ಮನೆ ಯಜಮಾನ್ರು ಅಳತೆ ಫೋನಲ್ಲಿ ಹೇಳ್ತಾರಾ ಮೇಡಂ?"

ಅಂಗಡಿಯವನು ಕೇಳಿದ್ದು ಇಷ್ಟೇ. ಅವಳಿಗೋ ಮೂಗಿನ ತುದಿಯಲ್ಲೇ ಕೋಪ. ಚೀಲದಿಂದ ಟೇಪು ತೆಗೆದು ಕೌಂಟರಿನ ಮೇಲೆ ಕುಕ್ಕಿದಳು.

"ಯಾವ ಯಜಮಾನ್ರು? ಕೋಣೆ ಕಟ್ತಿರೋಳು ನಾನು. ಬೇಕಿದ್ರೆ ನಿಮ್ಮ ಕೌಂಟರಿನ ಅಳತೆನೂ ಹೇಳ್ತೀನಿ. ಎಡಗಡೆ ಇಳಿದಿದೆ, ನೋಡ್ಕೊಳ್ಳಿ."

ಅವನು ಪೆನ್ನನ್ನು ಅಡ್ಡ ಇಟ್ಟು ನೋಡಿದ. ಅದು ಉರುಳಿಕೊಂಡು ಹೋಗಿ ಎಡಗಡೆ ಕೆಳಗೆ ಬಿತ್ತು.

"ಅಯ್ಯೋ, ಹೌದಲ್ರೀ!" ಎಂದು ನಕ್ಕ. ತಪ್ಪು ತೋರಿಸಿದರೆ ಇಷ್ಟು ಖುಷಿಯಾಗಿ ನಗುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಮನೆಯಲ್ಲೇ ಸೌನಾ ಮಾಡಿಸಿಕೊಳ್ಳುವವರಿಗೆ ಬೇಕಾದದ್ದೆಲ್ಲ ಸಿಗುವ ಅಂಗಡಿ ಅದು. ಸೌನಾ ಅಂದರೆ ಮರದ ಪುಟ್ಟ ಕೋಣೆ, ಮೂಲೆಯಲ್ಲಿ ಹೀಟರು, ಹೀಟರಿನ ಮೇಲೆ ಕಲ್ಲು. ಕಾದ ಕಲ್ಲಿಗೆ ನೀರು ಸುರಿದು, ಏಳುವ ಆವಿಯಲ್ಲಿ ಕೂತು ಬೆವರುವುದು. ಅವಳು ಬಡಗಿ. ಬಡಗಿಯ ಮಗಳು ಕೂಡ. ಅಪ್ಪನನ್ನು ಕಸುಬಿನವರೆಲ್ಲ ಕರೆಯುವುದೇ 'ಕನ್ನಡಿ ಮೇಸ್ತ್ರಿ' ಎಂದು. ಅವರು ಪಾಲಿಶ್ ಹಾಕಿದ ಬೀರುವಿನ ಮುಂದೆ ನಿಂತು ಜನ ತಲೆ ಬಾಚಿಕೊಳ್ಳುತ್ತಿದ್ದರಂತೆ! ಈಗ ಅಪ್ಪನ ಕೈ ನಡುಗುತ್ತದೆ. ಕಾರ್ಖಾನೆ ಅವಳ ಪಾಲಿಗೆ ಬಂದಿದೆ.

ಬೀರು, ಕಪಾಟು ಮಾಡಿ ಮಾಡಿ ಸಾಕಾಗಿ, ಇನ್ನು ಸೌನಾ ಕಟ್ಟಿಕೊಡುತ್ತೇನೆ ಎಂದು ಹೊರಟಿದ್ದಳು. ಮೊದಲನೆಯದು ತಮ್ಮ ಮನೆಯ ಹಿತ್ತಲಲ್ಲೇ, ನಾಲ್ಕು ಜನ ನೋಡಲಿ ಎಂದು. ಕಸುಬಿನವರು ಯಾರೂ ಅವಳ ಮಾತಿಗೆ ತಲೆಯಾಡಿಸಲಿಲ್ಲ. ದೊಡ್ಡಪ್ಪನಂತೂ ಕಡ್ಡಿ ಮುರಿದಂತೆ ಹೇಳಿದ್ದರು. "ಬೀರು ಮಾಡೋರು ಬೀರು ಮಾಡ್ಕೊಂಡಿರಬೇಕು. ಇದೆಲ್ಲ ನಿನ್ನ ಕೈಲಾಗೋದಲ್ಲ."

"ಕಟ್ಟಿ ಮುಗಿಸಿದ ಭಾನುವಾರ ಕಸುಬಿನವರನ್ನೆಲ್ಲ ಕರೀತೀನಿ. ನೀವೂ ಬಂದು ಕೂತು ಬೆವರಿ. ಆಮೇಲೆ ಮಾತಾಡೋಣ," ಎಂದಿದ್ದಳು ಅವಳು.

ಒಂದೇ ಸಲಕ್ಕೆ ಮುಗಿಯುವ ಖರೀದಿಯನ್ನು ಅವಳು ವಾರಗಟ್ಟಲೆ ಎಳೆದಳು. ಮೊದಲು ಹೀಟರು. ಇದ್ದದ್ದರಲ್ಲೇ ದೊಡ್ಡದಕ್ಕೆ ಬೆರಳು ತೋರಿಸಿದಳು.

"ಅದು ಬೇಡ," ಎಂದ ಅವನು. "ನಿಮ್ಮ ಕೋಣೆಗೆ ಜಾಸ್ತಿ. ಗಾಳಿ ಬೇಗ ಕಾದು, ಕಲ್ಲು ಕಾಯೋ ಮೊದಲೇ ಹೀಟರು ಆಫ್ ಆಗುತ್ತೆ. ಕಲ್ಲು ಕಾಯದಿದ್ರೆ ಆವಿ ಎಲ್ಲಿಂದ ಬರಬೇಕು?"

"ದೊಡ್ಡದು ಮಾರಿದ್ರೆ ನಿಮಗೇ ಲಾಭ ಅಲ್ವಾ?"

"ಲಾಭ ಬೇಕು. ನಿಮ್ಮ ಬೈಗುಳ ಬೇಡ."

ಇನ್ನೊಂದು ದಿನ ಕಲ್ಲು. ಬೆಳ್ಳಗೆ ನುಣ್ಣಗೆ ಇದ್ದ ಕಲ್ಲನ್ನು ಅವಳು ಎತ್ತಿಕೊಂಡರೆ, ಅವನು ಅದನ್ನು ಕಿತ್ತುಕೊಂಡು ಕಪ್ಪಗಿನ ಒರಟು ಕಲ್ಲು ಕೈಗಿಟ್ಟ. "ಅದು ಹೀಟರಿಗಲ್ಲ, ಹೂಕುಂಡಕ್ಕೆ. ಕಾದ್ರೆ ಸಿಡಿಯುತ್ತೆ. ಚೆಂದ ಇರೋದೆಲ್ಲ ಬಿಸಿ ತಡೆಯಲ್ಲ."

"ನನ್ನನ್ನ ನೋಡ್ಕೊಂಡು ಹೇಳ್ತಿದೀರಾ?"

ಅವನ ಕಿವಿ ಕೆಂಪಗಾಯಿತು. "ನೀವು ತಡೀತೀರಿ ಬಿಡಿ," ಎಂದು ಸೌಟುಗಳ ಕಡೆ ತಿರುಗಿಬಿಟ್ಟ. ನೀರು ಸುರಿಯುವ ಮರದ ಸೌಟನ್ನು ಆರಿಸುವುದಕ್ಕೆ ಅವರಿಬ್ಬರಿಗೂ ಇಡೀ ಮಧ್ಯಾಹ್ನ ಬೇಕಾಯಿತು. ಉದ್ದ ಹಿಡಿಕೆಯದು ಒಳ್ಳೆಯದು, ಆವಿ ಕೈಗೆ ಹೊಡೆಯುವುದಿಲ್ಲ ಎಂಬುದು ಮೊದಲ ಮಾತಿಗೇ ತೀರ್ಮಾನವಾಗಿತ್ತು. ಉಳಿದ ಮಧ್ಯಾಹ್ನ ಏನು ಮಾಡಿದರೋ, ಅವರನ್ನೇ ಕೇಳಬೇಕು.

ಥರ್ಮಾಮೀಟರನ್ನು ಕೂತವರ ತಲೆಯ ಎತ್ತರಕ್ಕೆ ತೂಗುಹಾಕಬೇಕು. "ಕೂತ್ಕೊಳ್ಳಿ, ಗುರುತು ಮಾಡೋಣ," ಎಂದು ಅವನು ಅಂಗಡಿಯ ಬೆಂಚು ತೋರಿಸಿದ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅವನ ಪೆನ್ಸಿಲು ಅವಳ ಕಿವಿಯ ಪಕ್ಕದಲ್ಲೇ ಗೋಡೆಯ ಮೇಲೆ ಗೆರೆ ಎಳೆಯಿತು. ಎಳೆದದ್ದಾಯಿತು, ಕೈ ಮಾತ್ರ ಅಲ್ಲೇ ನಿಂತಿತ್ತು.

"ಗೆರೆ ಸೊಟ್ಟ," ಎಂದಳು ಅವಳು, ತಿರುಗಿ ನೋಡದೆ.

"ಗೊತ್ತು," ಎಂದ ಅವನು.

ಕಸುಬಿನವರು ಬರುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಹೀಟರು ಕೂರಿಸಲು ಅವನು ಹಿತ್ತಲಿಗೆ ಬಂದಾಗ ಅಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲೇ ಇದ್ದರು. ಅವಳು ಹೆಮ್ಮೆಯಿಂದ ಬಾಗಿಲು ತೆರೆದಳು. ಒಳಗೆ ಬೆಂಚು, ಗೋಡೆ ಎಲ್ಲ ಥಳಥಳ. ಪಾಲಿಶ್! ಕೊನೆಯ ಕೈ ಅಪ್ಪನದು. ಎಷ್ಟೋ ಕಾಲದ ಮೇಲೆ, ಮಗಳ ಮೊದಲ ಸೌನಾ ಎಂದು, ನಡುಗುವ ಕೈಯಲ್ಲೇ ಬಟ್ಟೆ ಹಿಡಿದು ಉಜ್ಜಿದ್ದರು.

"ನೋಡಿ, ಇದು ನಮ್ಮ ಮನೆ ಕೆಲಸ," ಎಂದಳು.

ಅವನ ಮುಖ ಇಳಿದುಹೋಯಿತು. ಬೆಂಚನ್ನು ಮುಟ್ಟಿದ, ಬೆರಳು ಮೂಸಿದ. ಅವಳನ್ನು ನೋಡಿದ, ಅಪ್ಪನನ್ನು ನೋಡಿದ.

"ಇದನ್ನ ಕೆರೆದು ತೆಗೀಬೇಕು."

"ಏನಂದ್ರಿ?"

"ಬಿಸಿಗೆ ಪಾಲಿಶ್ ಮೆತ್ತಗಾಗಿ ಮೈಗೆ ಅಂಟುತ್ತೆ. ವಾಸನೆಗೆ ಒಳಗೆ ಕೂರೋಕಾಗಲ್ಲ. ಕೂರೋ ಮರ ಬರೀ ಮರ ಆಗಿರಬೇಕು."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಅಪ್ಪ ಸುಮ್ಮನೆ ತಮ್ಮ ಕೈ ನೋಡಿಕೊಂಡರು. ಅದನ್ನು ನೋಡಿದ್ದೇ ಅವಳ ಮೈಯೆಲ್ಲ ಉರಿಯಿತು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಅಂಗಡಿಯಲ್ಲೇ ಹೇಳೋಕೇನಾಗಿತ್ತು?"

"ಎಲ್ಲರಿಗೂ ಮೊದಲು ಅದನ್ನೇ ಹೇಳ್ತೀನಿ. ನೀವು ಬಂದಾಗ ಮರೆತೆ. ನಿಮ್ಮನ್ನ ನೋಡ್ತಾ ಕೂತಿದ್ದೆ, ಅದಕ್ಕೆ ಮರೆತೆ!" ಅವನ ದನಿಯೂ ಏರಿತ್ತು. "ಇವತ್ತು ಚೆನ್ನಾಗಿದೆ ಅಂತ ಹೇಳಿ, ನಿಮ್ಮ ಮನಸ್ಸು ಕೇಳಿ ಹೋಗೋಣ ಅಂತ ಬಂದಿದ್ದೆ. ಆದ್ರೆ ಸುಳ್ಳು ಹೇಳಿ ನಿಮ್ಮನ್ನ ಗೆಲ್ಲೋಕೆ ನನಗಿಷ್ಟ ಇಲ್ಲ. ನಿಮ್ಮ ಕೆಲಸ ಅಷ್ಟು ಅಗ್ಗದ್ದಲ್ಲ."

"ಹೊರಡಿ," ಎಂದಳು ಅವಳು.

ಅವನು ಹೊರಟ. ಹೀಟರು ಪೆಟ್ಟಿಗೆಯಲ್ಲೇ ಉಳಿಯಿತು.

ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಪಾಲಿಶ್ ಹಾಕಿದ ಒಂದು ತುಂಡು ಮರವನ್ನು ಬಿಸಿ ಕಾವಲಿಯ ಮೇಲಿಟ್ಟಳು. ಅವನ ಮಾತು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಲೇ ಇಟ್ಟಳು. ಹೊಳಪು ಮೆತ್ತಗಾಯಿತು, ಗುಳ್ಳೆ ಎದ್ದಿತು. ಘಾಟಿಗೆ ಕಣ್ಣಲ್ಲಿ ನೀರು ಬಂತು. ಘಾಟಿಗಷ್ಟೇ ಅಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಕೆರೆದು ತೆಗಿ ಪುಟ್ಟಿ."

"ಅದು ನಿಮ್ಮ ಕೈ ಅಪ್ಪಾ. ಹೇಗೆ ಕೆರೀಲಿ?"

"ಹುಚ್ಚಿ. ಪಾಲಿಶ್ ಯಾಕೆ ಹಾಕ್ತಿದ್ದೆ ಗೊತ್ತಾ? ಒಂದೊಂದು ಸಲ ಜೋಡಣೆ ತಪ್ಪಿರ್ತಿತ್ತು, ಹೊಳಪಲ್ಲಿ ಮುಚ್ಚಿ ಹೋಗ್ತಿತ್ತು." ಅಪ್ಪ ನಕ್ಕರು. "ಬರೀ ಮರ ನಾಲ್ಕು ಜನರ ಮುಂದೆ ನಿಲ್ಲಿಸೋಕೆ ನನಗೆ ಧೈರ್ಯ ಇರಲಿಲ್ಲ. ನಿನ್ನ ಕೆಲಸಕ್ಕೆ ಆ ಧೈರ್ಯ ಇದೆ. ಮತ್ತೆ ಆ ಹುಡುಗ... ನನ್ನ ಮುಖಕ್ಕೇ ಹೇಳಿದ ನೋಡು. ಗಂಡಸು ಅಂದ್ರೆ ಅವನು."

ಅವಳು ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಕ್ಷಮಿಸಿ ಎನ್ನುವುದು ಅವಳ ಬಾಯಿಗೆ ರೂಢಿಯಿಲ್ಲದ ಮಾತು. "ನಿಮ್ಮ ಮಾತು ನಿಜ. ನಾನು ಹೇಳಿದ್ದು ತಪ್ಪು. ಕೀಸುಳಿ ಹಿಡಿಯೋಕೆ ಬರುತ್ತಾ?" ಎಂದಳು.

"ಬರಲ್ಲ. ಬರ್ತಿದೀನಿ," ಎಂದ ಅವನು.

ಸಂಜೆಯವರೆಗೆ ಅವಳು ಕೀಸಿದಳು, ಅವನು ಮರಳು ಕಾಗದ ಹಿಡಿದು ತಿಕ್ಕಿದ. ಅವನು ತಿಕ್ಕಿದ್ದು ಅಲ್ಲಲ್ಲಿ ಸೊಟ್ಟ. "ಇದೇನ್ರೀ ಇದು, ಬೆಕ್ಕು ಪರಚಿದ ಹಾಗೆ!" ಎಂದು ಅವಳು ಬೈದಳು. ಅವನು ಬೈಸಿಕೊಂಡು ನಕ್ಕ. ಕೂದಲ ತುಂಬ ಮರದ ಪುಡಿ ತುಂಬಿಕೊಂಡ ಅವನನ್ನು ಅವಳು ಎಷ್ಟು ಸಲ ಕದ್ದು ನೋಡಿದಳೋ ಲೆಕ್ಕವಿಲ್ಲ. ಕತ್ತಲಾಗುವ ಮೊದಲೇ ಹೀಟರೂ ಕೂತಿತು.

ಭಾನುವಾರ ಕಸುಬಿನವರೆಲ್ಲ ಬಂದರು. ಕಲ್ಲು ಕಾದಿತ್ತು. ಅವಳು ಸೌಟಿನಿಂದ ನೀರು ಸುರಿದಾಗ ಬಿಸಿ ಆವಿಯ ಜೊತೆ ಬರೀ ಮರದ ಪರಿಮಳ ಕೋಣೆ ತುಂಬಿತು. ಬನಿಯನ್ನಿನಲ್ಲಿ ಕೂತ ದೊಡ್ಡಪ್ಪ ಬೆಂಚಿನ ಮೇಲೆ ಅಂಗೈ ಆಡಿಸುತ್ತಲೇ ಹೋದರು.

"ಜೋಡಣೆ ಎಲ್ಲಿದೆ ಅಂತಲೇ ಸಿಕ್ತಾ ಇಲ್ವಲ್ಲೇ," ಎಂದರು ಕೊನೆಗೆ. ಜನ್ಮದಲ್ಲಿ ಅವರು ಯಾರನ್ನೂ ಅದಕ್ಕಿಂತ ಹೆಚ್ಚು ಹೊಗಳಿದವರಲ್ಲ. ಬಾಗಿಲಾಚೆ ಅಪ್ಪ ತಲೆಯೆತ್ತಿ ನಿಂತಿದ್ದರು.

ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ ದೊಡ್ಡಪ್ಪನ ಕಣ್ಣು ಹೀಟರಿನವನ ಮೇಲೆ ಬಿತ್ತು. "ನಿನ್ನೆ ಜಗಳ ಆಡಿದ ಅಂಗಡಿಯವನು ಇವನೇ ಅಲ್ವಾ? ಇನ್ನೂ ಇಲ್ಲೇ ಇದಾನಲ್ಲ!"

"ಇನ್ನು ಮೇಲೂ ಇರ್ತಾರೆ ದೊಡ್ಡಪ್ಪ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ನಾನು ಇವರನ್ನೇ ಮದುವೆ ಆಗೋದು."

ದೊಡ್ಡಪ್ಪ ಬೆವರು ಒರೆಸುವುದನ್ನು ಅಲ್ಲಿಗೇ ನಿಲ್ಲಿಸಿದರು.

"ಅವನನ್ನ ಕೇಳಿದ್ಯಾ?"

ಕೇಳಿರಲಿಲ್ಲ! ಅವಳು ಸೌಟು ಹಿಡಿದುಕೊಂಡೇ ಅವನ ಕಡೆ ತಿರುಗಿದಳು.

"ಈಗ ಕೇಳ್ತಿದೀನಿ. ನನಗೆ ಸುಳ್ಳು ಹೇಳದೇ ಇರೋರು ನೀವೊಬ್ಬರೇ. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಏನಂತೀರಿ?"

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಷ್ಟು ಜನರ ಎದುರಿಗೆ ಅವಳ ಕೈ ಹಿಡಿದ.

"ಹೂಂ ಅಂತೀನಿ," ಎಂದ.

ಯಾರೋ ಚಪ್ಪಾಳೆ ತಟ್ಟಿದರು. ಮದುವೆಯ ಮಾತು ಬಂದಾಗ ಹೆಣ್ಣು ತಲೆ ತಗ್ಗಿಸಬೇಕಂತೆ. ಅವಳು ತಗ್ಗಿಸಲಿಲ್ಲ.