ಹೊಲಿದ ಮೂಟೆಗಳು

ಮಾರ್ಚ್ 10, ಸೋಮವಾರ. ಬೆಳಗ್ಗೆ 9.20ಕ್ಕೆ ಹುಣಸೆ ಮಂಡಿಯ ರುದ್ರಯ್ಯ ಏದುಸಿರು ಬಿಡುತ್ತ ಮಧುಗಿರಿ ಠಾಣೆಗೆ ಬಂದರು. ಅವರ ಹನ್ನೆರಡು ಮೂಟೆ ಹಣ್ಣಿಗೆ ಯಾರೋ ಸೀಮೆಎಣ್ಣೆ ಸುರಿದಿದ್ದರು.

"ಯಾರ ಮೇಲೆ ಅನುಮಾನ?" ಪಿಎಸ್‌ಐ ಅನುಪಮಾ ಕೇಳಿದರು.

"ಇನ್ಯಾರು ಮೇಡಂ? ಪುರವರದ ಮುತ್ತುರಾಜು. ಕೊಲೆ ಕೇಸಲ್ಲಿ ಒಂಬತ್ತು ವರ್ಷ ಒಳಗಿದ್ದು ಬಂದವ್ನೆ. ಗೊತ್ತಿಲ್ದೆ ಕೆಲ್ಸ ಕೊಟ್ಟಿದ್ದೆ, ಗೊತ್ತಾದ ದಿನಾನೇ ಓಡ್ಸಿದೆ."

ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಮಂಡಿಯಲ್ಲಿ ಪಂಚನಾಮೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗಿ ಸಂಜೆ ಬರುವವರೆಗೂ ಗೇಟಿಗೆ ಬೀಗ ಹಾಕಿರಲಿಲ್ಲವೆಂದು ಕಾವಲುಗಾರ ಒಪ್ಪಿಕೊಂಡ.

ಅನುಪಮಾ ಮೂಟೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಣ್ಣೆ ಸುರಿದವರು ಅದರ ಬಾಯನ್ನು ಮತ್ತೆ ಹೊಲಿದಿದ್ದರು. ಹನ್ನೆರಡಕ್ಕೂ ಹಾಗೇ. ಹಾಳುಮಾಡಲು ಬಂದ ಕೈಗೆ ಇಷ್ಟು ತಾಳ್ಮೆಯೆ?

ಬೀಜ ಬಿಡಿಸುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿದಳು. "ಇದು ನಮ್ ಹೊಲಿಗೆ ಅಲ್ಲ ಕಣಮ್ಮ. ಎರಡೆಳೆ ಅಡ್ಡಡ್ಡ ಹಾಕವ್ರೆ. ಸಿರಾದ ಹಳೇ ಮಂಡಿನೋರು ಇಂಗೆ ಹೊಲಿಯೋರು. ಪಳಗಿದ ಕೈ. ಬಾಯಿ ತೆರೆದು ಬುಟ್ಟೋಗಕ್ಕೆ ಮನಸ್ ಬರ್ನಿಲ್ಲ, ಪಾಪ!" ಎಂದು ನಕ್ಕಳು.

ಮಧ್ಯಾಹ್ನ ಒಂದೂವರೆಗೆ ಹೆಡ್ ಕಾನ್‌ಸ್ಟೆಬಲ್ ಚಿಕ್ಕಹನುಮಯ್ಯ ಬಸ್ ನಿಲ್ದಾಣದಲ್ಲಿ ಮುತ್ತುರಾಜುವನ್ನು ಹಿಡಿದು ತಂದರು.

"ಎಲ್ಗೆ ಹೊಂಟಿದ್ಯಲಾ, ಮದ್ವೆ ಗಂಡಿನಂಗೆ ಇಸ್ತ್ರಿ ಹಾಕ್ಕಂಡು?" ಚಿಕ್ಕಹನುಮಯ್ಯ ಕೇಳಿದರು.

"ಕೊರಟಗೆರೆಗೆ ಸಾ. ಬೇಕರಿ ಕೆಲ್ಸ. ಜೈಲಲ್ಲಿ ಬನ್ನು ಮಾಡದು ಕಲ್ತಿದ್ದೆ. ನಾಕ್ ಗಂಟೆಗೆ ಬರ್ಲಿಲ್ಲಾಂದ್ರೆ ಬೇರೆಯೋನ್ನ ತಗತೀನಿ ಅಂದವ್ರೆ. ಐದು ತಿಂಗ್ಳಲ್ಲಿ ಹತ್ತು ಕಡೆ ಓಡ್ಸವ್ರೆ. ಇದೊಂದು ಸಿಕ್ಕದೆ."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?" ಅನುಪಮಾ ಕೇಳಿದರು.

"ಮನೇಲಿ. ಒಬ್ನೇ."

"ನೋಡಿದವರು?"

"ನನ್ನ ಯಾರ್ ನೋಡ್ತಾರೆ ಮೇಡಂ?"

ಅನುಪಮಾ ಮೊಬೈಲಿನಲ್ಲಿದ್ದ ಮೂಟೆಯ ಫೋಟೊ ಮುಂದಿಟ್ಟರು. ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. 2.10. ಕೊರಟಗೆರೆ ಬಸ್ಸಿಗೆ ಇಪ್ಪತ್ತು ನಿಮಿಷ. ಅನುಪಮಾರಿಗೂ ಅದು ಗೊತ್ತಿತ್ತು. ಸುಮ್ಮನೆ ಕಾದರು.

"ಹೇಳಿದ್ರೆ ಈಗ್ಲೇ ಬುಡ್ತೀರಾ?"

"ಬಿಡ್ತೀನಿ."

"ನಮ್ಮವ್ವನ ಹೊಲಿಗೆ."

ಅವನು 2.30ರ ಬಸ್ಸು ಹತ್ತಿದ. 3.15ಕ್ಕೆ ಪುರವರದಲ್ಲಿ, ಸಿರಾದ ಹಳೇ ಮಂಡಿಯಲ್ಲಿ ದುಡಿದಿದ್ದ ಅವನ ತಾಯಿ ಮುದ್ದಕ್ಕನ ಬಂಧನವಾಯಿತು. ಮಹಿಳಾ ಪೇದೆ ಹೇಳಿಕೆ ಬರೆದುಕೊಂಡಳು. ಮುದುಕಿ ಅಳಲಿಲ್ಲ.

"ನನ್ ಮಗ ಮೂರ್ ದಿನ ಕೂತು ಬಿಡಿಸಿದ್ದ ಹಣ್ಣನ್ನ ಆ ರುದ್ರಯ್ಯ ಎಲ್ರ ಮುಂದೆ ಅವನ ಕೈಲೇ ತಿಪ್ಪೆಗೆ ಸುರಿಸ್ದ. ಕೊಲೆ ಮಾಡಿದ ಕೈ ತಾಗಿದ್ದು ಯಾರ್ ತಿಂತಾರೆ ಅಂದ. ಅವತ್ತಿಂದ ನನ್ ಮಗ ಎಡಗೈಲಿ ಉಣ್ತಾನೆ ತಾಯಿ."

ಜೀಪು ಹೊರಡುವಾಗ ಅನುಪಮಾರ ಫೋನು ಬಡಿದುಕೊಂಡಿತು. ಠಾಣೆಯಿಂದ ಚಿಕ್ಕಹನುಮಯ್ಯ.

"ಬೇಕರಿಯೋರು ಫೋನ್ ಮಾಡಿದ್ರು ಮೇಡಂ. ಬಸ್ ಸ್ಟ್ಯಾಂಡಲ್ಲಿ ನಾವು ಇವನ್ನ ಹಿಡಿದಿದ್ದನ್ನ ಯಾರೋ ಅವರ್ಗೆ ಹೇಳವ್ರೆ. ಇವನ ಮೇಲೇನೂ ಇಲ್ಲ, ಕೇಸು ಅವರವ್ವನ ಮೇಲೆ ಅಂದೆ. ಇದ್ದದ್ದೇ ಹೇಳ್ದೆ. ಹಂಗಾದ್ರೆ ಅಂಥ ಮನೆಯೋನು ಬೇಡ್ವೇ ಬೇಡ ಅಂದ್ಬುಟ್ರು."

ಅನುಪಮಾ ಫೋನು ಜೇಬಿಗಿಟ್ಟರು.

"ಹೊಲಿಗೆ ಅವ್ನೇ ಗುರ್ತು ಹಿಡಿದಿರ್ಬೇಕು," ಎಂದಳು ಹಿಂದಿನ ಸೀಟಿನ ಮುದ್ದಕ್ಕ, ಸಿಟ್ಟಿಲ್ಲದೆ. "ಬಸ್ ಸಿಕ್ತಾ ತಾಯಿ ಅವನ್ಗೆ?"

"ಸಿಕ್ತು," ಎಂದರು ಅನುಪಮಾ.